ಮಾಟದ ಹೆಸರಿನಲ್ಲಿ ಬಡವರ ಗುಡಾರ ಕಿತ್ತರು

ಮಾನ್ಯರೇ,

ನಮ್ಮ ಬಡಾವಣೆಯ ಅಂಗನವಾಡಿಯ ಎದುರು, ಮೂರು ಹಾದಿ ಕೂಡುವಲ್ಲಿ ಅಮಾವಾಸ್ಯೆಯ ಮರುದಿನ ಕಂಡ ಲಿಂಬೆಹಣ್ಣು, ಕುಂಕುಮ, ಮೊಳೆ ಚುಚ್ಚಿದ ಗೊಂಬೆಯ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿ ಬಹಳ ನೋವಿನಿಂದ ಬರೆಯುತ್ತಿದ್ದೇನೆ. ವರದಿಯ ಕೊನೆಯಲ್ಲಿ ‘ಅಲೆಮಾರಿಗಳ ಕೈವಾಡದ ಶಂಕೆ’ ಎಂದಿದೆ. ಶಂಕೆ ಯಾರದು, ಅದಕ್ಕೆ ಆಧಾರವೇನು ಎಂಬುದು ಇಲ್ಲ. ಅದು ಅಚ್ಚಾದ ದಿನವೇ ಸಂಜೆ, ಖಾಲಿ ನಿವೇಶನದಲ್ಲಿ ಬೀಡುಬಿಟ್ಟಿದ್ದ ನಾಲ್ಕು ದುರಗಮುರಗಿ ಕುಟುಂಬಗಳನ್ನು ನಮ್ಮ ಓಣಿಯವರೇ ಬೈದು, ಗುಡಾರದ ಗೂಟ ಕಿತ್ತು ಓಡಿಸಿದರು. ಅವರ ಹುಡುಗಿಯೊಬ್ಬಳು ಅದೇ ಅಂಗನವಾಡಿಯಲ್ಲಿ ನನ್ನ ಮೊಮ್ಮಗನ ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದಳು. ತನ್ನ ಮಗಳು ದಿನವೂ ತುಳಿಯುವ ಹಾದಿಯಲ್ಲಿ ಯಾವ ತಾಯಿ ಮಾಟ ಇಡುತ್ತಾಳೆ ಎಂದು ಒಬ್ಬರಾದರೂ ಕೇಳಲಿಲ್ಲ. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಅಂಗನವಾಡಿಗೆ ಬೀಗ ಬಿದ್ದು ಇಂದಿಗೆ ಆರು ದಿನ. ಮಗ, ಸೊಸೆ ಇಬ್ಬರೂ ದುಡಿಯಲು ಹೋಗುವುದರಿಂದ, ಮೊಣಕಾಲು ನೋವಿನ ನಾನು ಮೂರು ವರ್ಷದ ಮಗುವಿನ ಹಿಂದೆ ಓಡಬೇಕಾಗಿದೆ. ಹಾಲಿನವನು ಆ ಹಾದಿ ದಾಟಲಾರೆನೆಂದು ಮೂಲೆಯಲ್ಲೇ ನಿಂತು ಕೂಗುತ್ತಾನೆ. ಆಟೋದವರು ಅಲ್ಲಿಯೇ ಇಳಿಸಿ ತಿರುಗುತ್ತಾರೆ. ಆ ವಸ್ತುಗಳನ್ನು ತೆಗೆಸಿರೆಂದು ವಾರ್ಡಿನ ಕಚೇರಿಗೆ ಕೇಳಿದರೆ ಅದು ಪೊಲೀಸರ ಕೆಲಸವೆಂದರು, ಠಾಣೆಯಲ್ಲಿ ಕೇಳಿದರೆ ಕಸದ ಕೆಲಸವೆಂದರು. ಮೂರನೆಯ ದಿನ ನಾನೇ ಅವನ್ನು ಬರಿಗೈಯಿಂದ ಎತ್ತಿ ಕಸದ ಬುಟ್ಟಿಗೆ ಹಾಕಿದೆ. ನನಗೇನೂ ಆಗಲಿಲ್ಲ. ಆದರೆ ನಳದ ಹತ್ತಿರ ನೆರೆಯವರು ನನ್ನ ಹೆಂಡತಿಯ ಕೊಡಕ್ಕೆ ತಮ್ಮ ಕೊಡ ತಾಗದಂತೆ ಸರಿಸಿಕೊಳ್ಳುತ್ತಿದ್ದಾರೆ.

ಇಷ್ಟರ ನಡುವೆ ಪರಿಹಾರ ಹೇಳುವವನೊಬ್ಬ ಬಂದು, ಎಲ್ಲರೆದುರು ಲಿಂಬೆಹಣ್ಣು ಕೊಯ್ದು ‘ರಕ್ತ’ ತೋರಿಸಿ, ಶಾಂತಿಗೆಂದು ಮನೆಗೆ ಐನೂರು ರೂಪಾಯಿ ವಂತಿಗೆ ಗೊತ್ತುಮಾಡಿಹೋದ. ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ಚಾಕುವಿನ ಅಲಗಿಗೆ ದಾಸವಾಳದ ಎಸಳು ತಿಕ್ಕಿ ಒಣಗಿಸಿದ್ದರೆ ಲಿಂಬೆಯ ಹುಳಿ ತಾಗಿದೊಡನೆ ರಸ ಕೆಂಪೇರುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ನೀರನ್ನು ಕೆಂಪಾಗಿಸುವ ನಮ್ಮ ತಾಯಂದಿರಿಗೆ ಇದು ತಿಳಿಯದ ಸಂಗತಿಯೇ? ನಮ್ಮ ಮನೆಯ ಹಣ್ಣನ್ನು ನಮ್ಮ ಈಳಿಗೆಯಿಂದಲೇ ಕೊಯ್ದು ತೋರಿಸೆಂದೆ. ಮುಹೂರ್ತ ಮೀರಿತೆಂದು ಎದ್ದುಹೋದ. ಅವನನ್ನು ಯಾರೂ ಓಡಿಸಲಿಲ್ಲ, ವಂತಿಗೆಯೂ ನಿಲ್ಲಲಿಲ್ಲ.

ಮಾಟ, ಭೂತಗಳ ಹೆಸರಿನಲ್ಲಿ ಜನರನ್ನು ಹೆದರಿಸುವವರಿಗಾಗಿಯೇ ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆಯಿದೆ. ಅದು 2020ರ ಜನವರಿಯಿಂದ ಜಾರಿಯಲ್ಲಿದ್ದು, ಒಂದರಿಂದ ಏಳು ವರ್ಷದವರೆಗೆ ಸೆರೆ, ಐದು ಸಾವಿರದಿಂದ ಐವತ್ತು ಸಾವಿರ ರೂಪಾಯಿವರೆಗೆ ದಂಡ ಇದೆ. ಠಾಣೆಯಲ್ಲಿ ಇದನ್ನು ಹೇಳಿದಾಗ ‘ಸರ್, ನಂಬಿಕೆಯ ವಿಷಯ, ಬಿಡಿ’ ಎಂಬ ಉತ್ತರ ಬಂತು. ಇಲ್ಲಿ ನಂಬಿಕೆ ಯಾರದು? ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊತ್ತು, ಉರುಮೆ ಬಾರಿಸಿ, ಚಾಟಿ ಬೀಸಿ ಬದುಕುವುದು ದುರಗಮುರಗಿಯವರ ಕುಲದ ಆಚಾರ. ಚಾಟಿಯೇಟಿನಿಂದ ದೇವಿ ಒಲಿಯುತ್ತಾಳೆಂದು ನಾನು ನಂಬುವುದಿಲ್ಲ, ಅದನ್ನು ಅವರೆದುರಿಗೇ ಹೇಳಿದ್ದೇನೆ, ಅವರು ನಕ್ಕು ನನ್ನ ಮನೆಯ ಜೋಳ ಒಯ್ದಿದ್ದಾರೆ. ಅವರು ಯಾರನ್ನೂ ಹೆದರಿಸಿ ಐನೂರು ಕೇಳಿದವರಲ್ಲ. ಸರಸ್ವತಿಯನ್ನು ಸ್ತುತಿಸಿ ಜಗದ್ಗುರು ಎನಿಸಿಕೊಂಡ ಇಬ್ರಾಹಿಂ ಆದಿಲ್‌ಶಾಹಿ ಆಳಿದ ಊರಿದು. ಸುತ್ತಲಿನ ಹಳ್ಳಿಗಳಲ್ಲಿ ಮೊಹರಂ ದೇವರನ್ನು ಹಿಂದೂಗಳೂ ಹೊರುತ್ತಾರೆ. ಇಂಥಲ್ಲಿ ನಮ್ಮಂತಲ್ಲದ ಜನ ಎಂಬ ಒಂದೇ ಕಾರಣಕ್ಕೆ ಮಕ್ಕಳೊಂದಿಗರನ್ನು ಕತ್ತಲಲ್ಲಿ ಹೊರಹಾಕಿದ್ದು ನಾಚಿಕೆಗೇಡು.

ಕತ್ತಲು ಎಂದಾಗ ಇನ್ನೊಂದು ಮಾತು. ಆ ಕೂಟಿನ ಬೀದಿದೀಪ ಕೆಟ್ಟು ದಸರೆಗೆ ಮುಂಚಿನಿಂದಲೂ ಹಾಗೆಯೇ ಇದೆ. ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಕೊಳವೆ ಹಾಕಲು ಅಗೆದ ತಗ್ಗನ್ನು ಮುಚ್ಚಿಲ್ಲ, ನಳಕ್ಕೆ ನೀರು ಬರುವ ದಿನ ಯಾರಿಗೂ ಗೊತ್ತಿಲ್ಲ. ಬೆಳಕಿದ್ದಿದ್ದರೆ ಗೊಂಬೆ ಇಟ್ಟವರು ಯಾರೆಂದು ಎದುರಿನ ಮನೆಯವರಾದರೂ ಕಾಣುತ್ತಿದ್ದರು. ಚುನಾವಣೆಯಲ್ಲಿ ಮನೆ ಮನೆ ಹತ್ತಿಳಿದವರು ಈ ಆರು ದಿನದಲ್ಲಿ ಒಮ್ಮೆಯೂ ಈ ಕಡೆ ಬಂದಿಲ್ಲ.

ಸಂಬಂಧಪಟ್ಟವರು ನಾಳೆಯೇ ಅಂಗನವಾಡಿಯ ಬೀಗ ತೆಗೆಸಬೇಕು, ವಂತಿಗೆ ಎತ್ತುವವನ ಮೇಲೆ ಕ್ರಮ ಕೈಗೊಳ್ಳಬೇಕು, ದೀಪ ಹಾಕಿಸಬೇಕು, ಆ ನಾಲ್ಕು ಕುಟುಂಬಗಳನ್ನು ಹುಡುಕಿ ಕರೆತರಬೇಕು. ತಾವೂ ಆ ‘ಶಂಕೆ’ಯನ್ನು ಪತ್ರಿಕೆಯಲ್ಲಿಯೇ ಹಿಂಪಡೆಯಬೇಕು. ಲಿಂಬೆಹಣ್ಣಿಗೆ ಹೆದರಿ ಕಚೇರಿಯೊಳಗೆ ಕುಳಿತವರಿಗೆ ಸಂಬಳವಾದರೂ ಯಾತಕ್ಕೆ?

– ನಿವೃತ್ತ ಶಿಕ್ಷಕ, ವಿಜಯಪುರ