ಕೊನೆ ಬೀದಿಯಿಂದ ಶುರು ಮಾಡು, ಪುಟ್ಟಿ

ಕೋಲಾರ

ಪ್ರೀತಿಯ ಪುಟ್ಟಿ,

ನಿನ್ನ ಕರಪತ್ರ ಓದಿದೆ. ನಾಳೆ ಪ್ರೆಸ್ಸಿಗೆ ಕೊಡುತ್ತೇನೆ ಎಂದೆಯಲ್ಲ, ಅದಕ್ಕೇ ರಾತ್ರಿಯೇ ಕೂತು ಬರೆಯುತ್ತಿದ್ದೇನೆ. ನಿನ್ನೆ ಊಟದ ಹೊತ್ತಲ್ಲಿ ಏನೇನು ಮಾತು ಬಂತೋ ಅದು ಇಬ್ಬರಿಗೂ ಗೊತ್ತು, ಮತ್ತೆ ಎತ್ತುವುದಿಲ್ಲ. ನೀನು ನಗರಸಭೆ ಚುನಾವಣೆಗೆ ನಿಲ್ಲು. ಆದರೆ ಆ ಮೊದಲನೇ ಸಾಲು ಬದಲಾಯಿಸು.

‘ಎಲ್ಲ ಮನೆಗೂ ಸಮಾನವಾಗಿ ನೀರು’ ಎಂದು ಬರೆದಿದ್ದೀಯ. ಕೇಳೋಕೆ ಚೆನ್ನಾಗಿದೆ. ನಾನು ರಿಟೈರ್ ಆಗುವ ತನಕ ಈ ಊರಿನಲ್ಲಿ ವಾಲ್ವ್ ತಿರುಗಿಸಿ ನೀರು ಬಿಟ್ಟವನು. ಎಲ್ಲರಿಗೂ ಒಂದೇ ಹೊತ್ತು, ಒಂದೇ ಸಮ ಬಿಟ್ಟರೆ ಅದು ಸಮ ಆಗುವುದಿಲ್ಲ ಕಣಮ್ಮ.

ಲೆಕ್ಕ ಹಾಕಿ ನೋಡು. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಎನ್ನುವುದು ಸರ್ಕಾರದ್ದೇ ಅಳತೆ. ಐದು ಜನರ ಮನೆಗೆ 675 ಲೀಟರ್. ನೀರು ವಾರಕ್ಕೊಮ್ಮೆ ಬಂದರೆ ಆ ಮನೆಯವರು 4,725 ಲೀಟರ್ ಹಿಡಿದಿಡಬೇಕು. ಹತ್ತು ಸಾವಿರ ಲೀಟರ್ ಸಂಪು ಇರುವವರಿಗೆ ಅದೇನು ಕಷ್ಟ? ಸಂಪು ತುಂಬಿಸಿ, ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿ ನೆಮ್ಮದಿಯಾಗಿ ಮಲಗುತ್ತಾರೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಏನಿರುತ್ತದೆ? ಎರಡು ಡ್ರಮ್ಮು, ಹತ್ತು ಬಿಂದಿಗೆ. ಡ್ರಮ್ಮಿಗೆ 200 ಲೀಟರ್, ಬಿಂದಿಗೆಗೆ 15 ಎಂದುಕೋ. ಎಲ್ಲ ತುಂಬಿದರೂ 550. ಒಂದು ದಿನಕ್ಕೇ ಸಾಲುವುದಿಲ್ಲ. ಉಳಿದ ದಿನ ಟ್ಯಾಂಕರಿಗೆ ಕಾಸು ಸುರಿಯಬೇಕು, ಇಲ್ಲವೇ ಅವರಿವರ ಮನೆ ಬಾಗಿಲಿಗೆ ಬಿಂದಿಗೆ ಹಿಡಿದು ಹೋಗಬೇಕು. ದಿನಗೂಲಿಯವರು ನೀರಿಗೆ ಜಾಸ್ತಿ ದುಡ್ಡು ಕೊಡುತ್ತಾರೆ, ಇದ್ದವರು ಕಡಿಮೆ ಕೊಡುತ್ತಾರೆ. ಊರಿನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ನನ್ನ ಕಣ್ಣಿಗೆ ಬಿದ್ದಿಲ್ಲ.

ಹೊತ್ತಿನ ಸಂಗತಿಯೂ ಇದೆ. ಬೆಳಿಗ್ಗೆ ಹತ್ತಕ್ಕೆ ನೀರು ಬಿಟ್ಟರೆ ಹಿಡಿಯೋರು ಯಾರು? ಟೊಮೆಟೊ ಮಂಡಿಗೆ ಹೋಗುವವರು ಬೆಳಕು ಹರಿಯುವ ಮುಂಚೆ ಹೊರಟಿರುತ್ತಾರೆ. ನರಸಾಪುರದ ಕಾರ್ಖಾನೆ ಬಸ್ಸು ಹತ್ತುವ ಹುಡುಗಿಯರು ಮನೆಯಲ್ಲಿ ಇರುವುದಿಲ್ಲ. ಯಾರೋ ಒಬ್ಬರು ಕೂಲಿ ಬಿಟ್ಟು ನಲ್ಲಿ ಮುಂದೆ ಕೂರಬೇಕು. ಅದು ಯಾವಾಗಲೂ ಹೆಂಗಸೇ.

ಪೈಪಿನಲ್ಲಿ ನೀರು ಹತ್ತಿರದವರಿಗೆ ಮೊದಲು ಸಿಗುತ್ತದೆ. ಏರಿನ ಮೇಲಿರುವ, ಕೊನೆಯಲ್ಲಿರುವ ಬೀದಿಗೆ ಹತ್ತುವಷ್ಟರಲ್ಲಿ ರಭಸ ಇರುವುದಿಲ್ಲ. ಮಧ್ಯದಲ್ಲಿ ಯಾರಾದರೂ ಪೈಪಿಗೇ ಮೋಟಾರ್ ಕೊಟ್ಟು ಎಳೆದರಂತೂ ಕೊನೆಯವರ ನಲ್ಲಿಯಲ್ಲಿ ಬರೀ ಗಾಳಿ. ಅದಕ್ಕೆ ನಾನು ಮುಂದಿನ ಬೀದಿಗಳ ವಾಲ್ವ್ ಎಲ್ಲ ಕಟ್ಟಿ, ಕೊನೆ ಬೀದಿಗೆ ಮೊದಲು ಬಿಡುತ್ತಿದ್ದೆ. ಅಲ್ಲಿಯ ಡ್ರಮ್ಮುಗಳು ತುಂಬಿದ ಮೇಲೆ ಒಂದೊಂದೇ ವಾಲ್ವ್ ತೆರೆಯುತ್ತಾ ಹಿಂದಕ್ಕೆ ಬರುತ್ತಿದ್ದೆ.

ಅದರಿಂದ ಆದದ್ದನ್ನು ನಿನಗೆ ಯಾವತ್ತೂ ಹೇಳಿಲ್ಲ. ನೀನು ಆಗ ಬೇಸಿಗೆ ರಜೆಗೆ ಅಜ್ಜಿ ಊರಿಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಕೂತಿದ್ದೆವು. ಏಳೆಂಟು ಜನ ಮನೆ ಮುಂದೆ ಬಂದು ನಿಂತರು. ಒಬ್ಬ ಗೇಟು ಒದ್ದ. ನಮ್ಮನೆಗೆ ನೆಂಟರು ಬಂದಿದ್ದಾರೆ, ತೊಟ್ಟು ನೀರಿಲ್ಲ, ನೀನು ನಿನ್ನ ಜಾತಿಯವರಿಗೆ ಬಿಡುತ್ತೀಯಾ ಎಂದ. ಕೊನೆ ಬೀದಿಯಲ್ಲಿ ನಮ್ಮ ಜಾತಿಯ ಒಂದು ಮನೆಯೂ ಇರಲಿಲ್ಲ. ಹಾಗೆಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದವರಲ್ಲಿ ಇಬ್ಬರು ಯುಗಾದಿಗೆ ನಮ್ಮ ಮನೆಗೆ ಬಂದು ಒಬ್ಬಟ್ಟು ತಿಂದಿದ್ದವರು. ಅವರೇ ಜೋರಾಗಿ ಕೂಗುತ್ತಿದ್ದರು. ನಿಮ್ಮಮ್ಮ ಒಳಗಿನಿಂದ ಚಿಲಕ ಹಿಡಿದುಕೊಂಡು ನಿಂತಿದ್ದಳು. ಯಾರೂ ಹೊಡೆಯಲಿಲ್ಲ. ಬೈದು ಹೋದರು, ಅಷ್ಟೇ. ಮಾರನೇ ದಿನವೂ ಕೊನೆ ಬೀದಿಗೇ ಮೊದಲು ಬಿಟ್ಟೆ. ಆದರೆ ನಿಮ್ಮಮ್ಮ ಆಮೇಲೆ ಎಷ್ಟೋ ದಿನ ಕತ್ತಲಾದ ಕೂಡಲೇ ಬಾಗಿಲು ಹಾಕುತ್ತಿದ್ದಳು.

ನಾನು ಬರೀ ನೀರು ಬಿಡುವವನು. ನೀನು ಸದಸ್ಯೆ ಆದರೆ, ನೀನೇ ಮುಂದೆ ನಿಂತು ಕೊನೆ ಬೀದಿಗೆ ಮೊದಲು ಎಂದರೆ, ಗೇಟಿನ ಮುಂದೆ ಎಷ್ಟು ಜನ ಬರುತ್ತಾರೋ. ಗಂಡಸನ್ನು ಜಾತಿ ಹಿಡಿದು ಬೈದರು. ಹೆಂಗಸನ್ನು ಏನು ಹಿಡಿದು ಬೈಯುತ್ತಾರೆ ಎಂದು ನಿನಗೂ ಗೊತ್ತು. ಈಗ ಗೇಟಿನ ತನಕ ಬರಲೂ ಬೇಕಾಗಿಲ್ಲ, ವಾಟ್ಸಾಪಿನಲ್ಲಿ ಬರೆದು ಊರಿಗೆಲ್ಲ ಹಂಚುತ್ತಾರೆ. ಮಕ್ಕಳು ಶಾಲೆಯಲ್ಲಿ ಅದನ್ನು ಕೇಳಬೇಕಾಗುತ್ತದೆ. ನಿನ್ನೆ ನನಗೆ ಸಿಟ್ಟು ಬಂದದ್ದು ಇದಕ್ಕೇ. ಗೇಟು ಒದ್ದ ಸದ್ದು ಈಗಲೂ ಕಿವಿಯಲ್ಲಿದೆ.

ಯರಗೋಳ್ ಅಣೆಕಟ್ಟಿನ ನೀರು ಬಂತಲ್ಲ, ಇನ್ನೇನು ಜಗಳ ಎಂದು ನಿನ್ನ ಜೊತೆಯವರು ಹೇಳುತ್ತಾರಂತೆ. ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿತು, ಫ್ಲೋರೈಡ್ ನೀರು ಕುಡಿದದ್ದೂ ಆಯಿತು. 2018ರಲ್ಲಿ ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಅದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸೋಕೆ, ಕುಡಿಯೋಕಲ್ಲ. 2023ರ ನವೆಂಬರಿನಲ್ಲಿ ಮಾರ್ಕಂಡೇಯ ನದಿಯ ಯರಗೋಳ್ ಅಣೆಕಟ್ಟು ಉದ್ಘಾಟನೆ ಆದಾಗ ನಾನೂ ಖುಷಿಪಟ್ಟೆ. ಆದರೆ ಆ ನೀರಿನಲ್ಲಿ ಬಂಗಾರಪೇಟೆ, ಮಾಲೂರಿನ ಪಾಲೂ ಇದೆ. ನಮ್ಮ ಪಾಲು ಎಷ್ಟು ಬಂದರೂ ಅದನ್ನು ಯಾವ ಬೀದಿಗೆ ಮೊದಲು ಬಿಡಬೇಕು ಎನ್ನುವುದನ್ನು ಅಣೆಕಟ್ಟು ತೀರ್ಮಾನ ಮಾಡುವುದಿಲ್ಲ. ಆ ಕೆಲಸ ನಿನ್ನಂಥವರದು.

ಗೆದ್ದರೆ ಮೊದಲು ನಗರಸಭೆಯ ಬಜೆಟ್ ಪುಸ್ತಕ ಕೇಳು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎಂದು ಹಣ ಎತ್ತಿಡಬೇಕು. ಅದರಲ್ಲಿ ನಿನ್ನ ವಾರ್ಡಿನ ಕೊನೆ ಬೀದಿಗೆ ಎಷ್ಟು ಬಂತು, ಯಾವ ಕೆಲಸಕ್ಕೆ ಖರ್ಚಾಯಿತು ಎಂದು ಸಭೆಯಲ್ಲಿ ಎದ್ದು ನಿಂತು ಕೇಳು. ಸಂಪು ಕಟ್ಟಲು ಜಾಗ ಇಲ್ಲದ ಕಡೆ ನಾಲ್ಕಾರು ಮನೆಗೆ ಒಂದು ನೀರಿನ ತೊಂಬೆ ಕಟ್ಟಿಸು. ಅಷ್ಟು ಆದರೆ ವಾರದ ಅರ್ಧ ಚಿಂತೆ ಹೋಗುತ್ತದೆ.

ಜನಸಂಖ್ಯೆ 3 ಲಕ್ಷ ಮುಟ್ಟಿದ ಊರಿನಲ್ಲಿ ವಾರ್ಡ್ ಸಮಿತಿ ಇರಲೇಬೇಕು ಎನ್ನುತ್ತದೆ ಸಂವಿಧಾನದ 74ನೇ ತಿದ್ದುಪಡಿ. ಕೋಲಾರದ್ದು 2011ರ ಜನಗಣತಿಯಲ್ಲಿ 1.38 ಲಕ್ಷ. ಹಾಗಾಗಿ ನಿನಗೆ ಆ ಕಡ್ಡಾಯ ಇಲ್ಲ. ಆದರೂ ತಿಂಗಳಿಗೊಮ್ಮೆ ವಾರ್ಡಿನವರನ್ನು ಕೂರಿಸು. ಭಾನುವಾರ ಸಂಜೆ ಕರಿ, ಕೆಲಸಕ್ಕೆ ಹೋಗುವ ಹೆಂಗಸರೂ ಬರಲಿ. ಮುಂದಿನ ಬೀದಿಯವರನ್ನೂ ಕರಿ. ಅವರೆದುರೇ ಲೆಕ್ಕ ಹೇಳು, 550 ಲೀಟರಿನ ಲೆಕ್ಕ. ನಾನು ಆ ಕಾಲದಲ್ಲಿ ಬೆಳಗಿನ ಜಾವ ಒಬ್ಬನೇ ಹೋಗಿ ವಾಲ್ವ್ ತಿರುಗಿಸುತ್ತಿದ್ದೆ. ಯಾಕೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರಣ ಗೊತ್ತಿದ್ದರೆ ಎಲ್ಲರೂ ಗೇಟು ಒದೆಯಲು ಬರುವುದಿಲ್ಲ.

ಇನ್ನೊಂದು ಮಾತು. ಅಳಿಯಂದಿರು ಒಳ್ಳೆಯವರು, ನಿನ್ನ ಬೆನ್ನಿಗೆ ನಿಂತಿದ್ದಾರೆ. ಆದರೂ ಸಭೆಗೆ ನೀನೇ ಹೋಗಬೇಕು, ಫೋನ್ ನೀನೇ ಎತ್ತಬೇಕು, ಸಹಿ ನೀನೇ ಓದಿ ಹಾಕಬೇಕು. ಹೆಂಡತಿ ಗೆದ್ದ ಸೀಟಿನಲ್ಲಿ ಗಂಡ ಅಧಿಕಾರ ನಡೆಸುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ನಮ್ಮ ಮನೆಯಲ್ಲಿ ಅದು ಆಗಕೂಡದು. ಇದನ್ನು ಅವರ ಮುಂದೆಯೇ ಹೇಳುತ್ತೇನೆ.

ನಿನ್ನ ಜೊತೆ ಮನೆ ಮನೆಗೆ ಬರಲು ನನ್ನಿಂದ ಆಗುವುದಿಲ್ಲ. ಮಂಡಿ ಕೇಳುತ್ತಿಲ್ಲ. ಅದಕ್ಕೆ ಕ್ಷಮಿಸು ಮಗಳೇ. ನಿನ್ನ ಹೆಸರು ದಪ್ಪ ಅಕ್ಷರದಲ್ಲಿ ನೋಡಿ ನಿಮ್ಮಮ್ಮ ಕರಪತ್ರವನ್ನು ದೇವರ ಮುಂದೆ ಇಟ್ಟಿದ್ದಾಳೆ. ಅವಳು ನಿನಗೆ ಹೇಳುವುದಿಲ್ಲ ಎಂದು ನಾನೇ ಹೇಳುತ್ತಿದ್ದೇನೆ. ನನಗೂ ಹೆಮ್ಮೆ ಇದೆ. ನಿನ್ನೆ ಅದನ್ನು ಹೇಳುವ ಹೊತ್ತಿಗೆ ನೀನು ಸ್ಕೂಟರ್ ಹತ್ತಿ ಹೋಗಿದ್ದೆ.

ಮೊದಲನೇ ಸಾಲು ಹೀಗೆ ಬರಿ: ‘ಸಂಪು ಇಲ್ಲದ ಮನೆಗಳ ಪಟ್ಟಿ ಮಾಡುತ್ತೇನೆ. ಅವುಗಳಿಗೆ ಮೊದಲು ನೀರು, ಗೊತ್ತಾದ ಹೊತ್ತಿಗೆ ನೀರು.’ ಇದರಿಂದ ಮುಂದಿನ ಬೀದಿಯ ಒಂದಷ್ಟು ಓಟು ಹೋಗಬಹುದು. ಹೋದರೆ ಹೋಗಲಿ, ಇದನ್ನೇ ಹೇಳಿ ಗೆಲ್ಲು.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ನಿನ್ನ ವಾರ್ಡಿನಲ್ಲಿ ಯಾವ ವಾಲ್ವ್ ಎಲ್ಲಿದೆ, ಯಾವುದನ್ನು ಕಟ್ಟಿದರೆ ಯಾವ ಬೀದಿಗೆ ನೀರು ಹತ್ತುತ್ತದೆ ಎಂದು ನೆನಪಿದ್ದಷ್ಟೂ ಬರೆದಿದ್ದೇನೆ. ಎರಡು ವಾಲ್ವ್ ಈಗ ಡಾಂಬರಿನ ಕೆಳಗೆ ಮುಚ್ಚಿಹೋಗಿರಬೇಕು. ಈಗ ನೀರು ಬಿಡುವ ಹುಡುಗನನ್ನು ಕರೆದುಕೊಂಡು ಹೋಗಿ ಒಮ್ಮೆ ನೋಡು.

ನಿನ್ನ ಅಪ್ಪ