ನಿತ್ಯಪುಷ್ಪದ ಐದು ಎಲೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ಮನೆಮದ್ದು ಅಂಕಣದಲ್ಲಿ, ಸಕ್ಕರೆ ಕಾಯಿಲೆಗೆ ದಿನಾ ಬೆಳಿಗ್ಗೆ ನಿತ್ಯಪುಷ್ಪದ ಐದು ಎಲೆ ಅಗಿದು ತಿನ್ನಿ ಎಂದು ಬಂದಿತ್ತು. ಅದನ್ನು ಓದಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಈ ಗಿಡದಿಂದ ತೆಗೆದ ಔಷಧ ಪಡೆದು ನನ್ನ ಮಗ ಬದುಕಿದ್ದಾನೆ. ಇದೇ ಗಿಡದ ಎಲೆ ನಂಬಿ ನಮ್ಮ ಭಾವ ಕಾಲಿನ ಎರಡು ಬೆರಳು ಕಳೆದುಕೊಂಡಿದ್ದಾರೆ.

ಮಗನಿಗೆ ರಕ್ತದ ಕ್ಯಾನ್ಸರ್ ಬಂದಾಗ ಆರು ವರ್ಷ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲ ತಿಂಗಳು ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ಕೊಟ್ಟರು. ಅದು ಕಾಶಿ ಕಣಗಿಲೆ ಗಿಡದ್ದು ಎಂದು ವಾರ್ಡಿನ ಸಿಸ್ಟರ್ ಹೇಳಿದಾಗ ನಾನು ನಂಬಲೇ ಇಲ್ಲ. ಸಾಗರದ ನಮ್ಮ ಮನೆಯ ತುಳಸಿಕಟ್ಟೆ ಪಕ್ಕ ಯಾರೂ ನೀರು ಹಾಕದೆ ಬೆಳೆಯುವ, ದನ ಕೂಡ ಬಾಯಿ ಹಾಕದ ಆ ನಿತ್ಯಪುಷ್ಪವಾ?

ಊರಿಗೆ ಫೋನ್ ಮಾಡಿ ಹೇಳಿದ್ದೇ ತಪ್ಪಾಯಿತು. 'ಗಿಡ ಅಂಗಳದಲ್ಲೇ ಇದೆ, ಕಷಾಯ ಕಾಸಿ ಕುಡಿಸು' ಎಂದು ನೆಂಟರೆಲ್ಲ ಶುರುಮಾಡಿದರು. ಡಾಕ್ಟರನ್ನು ಕೇಳಿದೆ. ಅವರು ಬೈಯಲಿಲ್ಲ, ಕೂರಿಸಿ ವಿವರಿಸಿದರು. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕಂತೆ. ಮಗುವಿನ ಎತ್ತರ, ತೂಕ ನೋಡಿ ಲೆಕ್ಕ ಹಾಕಿ ಕೊಡುತ್ತಾರೆ. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಅಷ್ಟು ಅಳೆದು ಕೊಟ್ಟರೂ ನನ್ನ ಮಗನಿಗೆ ಕಾಲು ಜೋಮು ಹಿಡಿದು, ಮೆಟ್ಟಿಲು ಹತ್ತಲಾಗದೆ ಎತ್ತಿಕೊಂಡು ಓಡಾಡಿದ್ದೇವೆ. ಈ ಗಿಡದಲ್ಲಿ ನೂರಕ್ಕೂ ಜಾಸ್ತಿ ರಾಸಾಯನಿಕಗಳಿವೆ. ಮನೆಯ ಕಷಾಯದಲ್ಲಿ ಯಾವುದು ಎಷ್ಟು ಇಳಿಯಿತು ಎಂದು ಅಳೆಯುವವರು ಯಾರು?

ಆಮೇಲೆ ನಾನು ಈ ಗಿಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇದರ ತವರು ನಮ್ಮೂರಲ್ಲ, ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ. ಅಲ್ಲಿನ ನಾಟಿ ವೈದ್ಯರು ಇದನ್ನು ಹಿಂದಿನಿಂದಲೂ ಬಳಸುತ್ತಿದ್ದರು. ಗಿಡ ಹಡಗು ಹತ್ತಿ ಬಿಸಿಲಿರುವ ದೇಶಗಳಿಗೆಲ್ಲ ಹರಡಿತು. ದಕ್ಷಿಣ ಆಫ್ರಿಕಾದಲ್ಲಿ, ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆ ಕುದಿಸಿ ಕುಡಿಯುವ ರೂಢಿ ಬಂತು. ನಮ್ಮಲ್ಲೂ ಅದೇ ಕತೆ, ಅಲ್ವಾ?

1952ರಲ್ಲಿ ಜಮೈಕಾದಿಂದ ಒಂದು ಲಕೋಟೆಯಲ್ಲಿ 25 ಎಲೆಗಳು ಕೆನಡಾ ತಲುಪಿದವು. ಸಕ್ಕರೆ ಇಳಿಯುತ್ತದೆಯೇ ಎಂದು ನೋಡಲು ರಾಬರ್ಟ್ ನೋಬಲ್ ಎಂಬ ವಿಜ್ಞಾನಿ ಅದರ ಸಾರವನ್ನು ಇಲಿಗಳ ಬಾಯಿಗೆ ಹಾಕಿದರು. ಸಕ್ಕರೆ ಇಳಿಯಲಿಲ್ಲ. ರಕ್ತನಾಳಕ್ಕೆ ಚುಚ್ಚಿದಾಗ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆಂದು ನೋಡಿದರೆ ಬಿಳಿ ರಕ್ತಕಣ ಕುಸಿದಿತ್ತು. ಬಿಳಿ ಕಣ ಮಿತಿಮೀರಿ ಬೆಳೆಯುವ ಕಾಯಿಲೆಗೆ ಇದು ಔಷಧವಾಗಬಹುದು ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ. ನೋಬಲ್ ಮತ್ತು ಅವರ ಜೊತೆಗಾರ ಚಾರ್ಲ್ಸ್ ಬಿಯರ್ ಈ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ, ವಿನ್‌ಕ್ರಿಸ್ಟಿನ್‌ನಂಥದ್ದೇ ಇನ್ನೊಂದು ಕ್ಯಾನ್ಸರ್ ಔಷಧ ಬೇರ್ಪಡಿಸಿದರು. ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1963ರಲ್ಲಿ. ಔಷಧ ಕಂಪನಿಗಳು ಇದರಿಂದ ತುಂಬಾ ದುಡಿದವು, ಗಿಡದ ತವರು ಮಡಗಾಸ್ಕರ್‌ಗೆ ಸಿಕ್ಕಿದ್ದು ತೀರಾ ಕಡಿಮೆ. ಅದನ್ನು ಓದಿ ನನಗೆ ಬೇಸರವಾಯಿತು.

ಹಾಗಂತ 'ಈ ಹೂವು ಕ್ಯಾನ್ಸರ್ ಗೆದ್ದಿತು' ಎಂದು ವಾಟ್ಸಾಪ್‌ನಲ್ಲಿ ಬರುವುದೂ ಪೂರ್ತಿ ನಿಜವಲ್ಲ. ನನ್ನ ಮಗನಿಗೆ ಇದರ ಜೊತೆ ಇನ್ನೂ ನಾಲ್ಕೈದು ಔಷಧ ಕೊಟ್ಟಿದ್ದರು. ಎಲ್ಲ ಸೇರಿಯೇ ವಾಸಿಯಾದದ್ದು. ಈಗ ಅವನು ಹತ್ತನೇ ಕ್ಲಾಸು.

ಭಾವನವರ ವಿಷಯಕ್ಕೆ ಬರುತ್ತೇನೆ. ಅವರೂ ಇಂಥದ್ದೇ ಒಂದು ಬರಹ ಓದಿ ಎಲೆ ತಿನ್ನಲು ಶುರುಮಾಡಿದರು. ಕಹಿ ಇದೆ, ಅಂದರೆ ಸಕ್ಕರೆಗೆ ಒಳ್ಳೆಯದು ಎಂದು ಅವರ ನಂಬಿಕೆ. ಮಾತ್ರೆ ನಿಲ್ಲಿಸಿದ್ದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾಲ್ಕು ತಿಂಗಳ ನಂತರ ತೋಟದಲ್ಲಿ ಕಾಲಿಗೆ ಮುಳ್ಳು ಚುಚ್ಚಿತು. ಗಾಯ ಮಾಯಲಿಲ್ಲ. ಆಸ್ಪತ್ರೆಗೆ ಹೋದ ದಿನ ಸಕ್ಕರೆ ನಾನೂರು ದಾಟಿತ್ತು.

ಕೆಲವು ಪ್ರಾಣಿಗಳಲ್ಲಿ ಈ ಎಲೆಯ ಸಾರ ಸಕ್ಕರೆ ಇಳಿಸಿದ ವರದಿಗಳು ನಂತರ ಬಂದಿವೆ, ನಿಜ. ಆದರೆ ಮಧುಮೇಹಿಗಳ ಮೇಲೆ ಸರಿಯಾದ ದೊಡ್ಡ ಪರೀಕ್ಷೆ ಮಾಡಿ, ಇಷ್ಟು ಎಲೆ ತಿಂದರೆ ಇಷ್ಟು ಇಳಿಯುತ್ತದೆ, ತೊಂದರೆ ಇಲ್ಲ ಎಂದು ಯಾರೂ ತೋರಿಸಿಲ್ಲ. ಹಾಗಿದ್ದರೆ ನಿಮ್ಮ ಅಂಕಣದ ಆ 'ಐದು' ಎಲ್ಲಿಂದ ಬಂತು?

ನಾಟಿ ಮದ್ದಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗನ ಔಷಧದ ಮೊದಲ ಸುಳಿವು ಕೊಟ್ಟದ್ದೇ ಹಳ್ಳಿಯ ಜನ. ಆದರೆ ಮನೆಮದ್ದು ಅಚ್ಚು ಹಾಕುವ ಮೊದಲು ಒಬ್ಬ ವೈದ್ಯರಿಗೆ ತೋರಿಸಿ. ಬರುವ ಭಾನುವಾರ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಡಾಕ್ಟರನ್ನು ಕೇಳದೆ ಸಕ್ಕರೆಯ ಮಾತ್ರೆ ನಿಲ್ಲಿಸಬೇಡಿ ಎಂದು ಹಾಕಿ. ಭಾವನವರೂ ಇದನ್ನು ಬರೆಯಲು ಹೇಳಿದ್ದಾರೆ.

ಇತಿ,
ನಿಮ್ಮ ಹಳೆಯ ಓದುಗಾರ್ತಿ
ಸಾಗರ, ಶಿವಮೊಗ್ಗ ಜಿಲ್ಲೆ