ಹೊಸ ಪ್ಯಾಡ್ ಹಾಕಿದ ಮೇಲೂ ಇಳಿಯುವ ಬ್ರೇಕ್ ಆಯಿಲ್

ಸಂಪಾದಕರಿಗೆ,

ಮಾನ್ಯರೇ,

ಡಿಸೆಂಬರ್ ತಿಂಗಳಲ್ಲಿ ನಾನು ಮತ್ತು ನನ್ನ ಪತ್ನಿ ಬೈಕಿನಲ್ಲಿ ತೀರ್ಥಹಳ್ಳಿಯಿಂದ ಹೊರಟು, ಯಡೂರು, ಮಾಸ್ತಿಕಟ್ಟೆ ಹಾದು ಹುಲಿಕಲ್ ಘಾಟಿ ಇಳಿದು, ಕುಂದಾಪುರ, ಮುರ್ಡೇಶ್ವರ, ಗೋಕರ್ಣಗಳನ್ನು ನೋಡಿಕೊಂಡು ಕಾರವಾರದವರೆಗೆ ಹೋಗಿ, ಹೊನ್ನಾವರ, ಗೇರುಸೊಪ್ಪೆ, ಜೋಗ, ಸಾಗರ, ರಿಪ್ಪನ್‌ಪೇಟೆಯ ಮಾರ್ಗವಾಗಿ ಊರಿಗೆ ಮರಳಿದೆವು. ನಾಲ್ಕು ದಿನಗಳಲ್ಲಿ ಸುಮಾರು 600 ಕಿ.ಮೀ. ಓಡಿದ ಬೈಕು ಎಲ್ಲಿಯೂ ಕೈಕೊಡಲಿಲ್ಲವೆಂದು ನೆಂಟರಿಷ್ಟರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡದ್ದೂ ಆಗಿತ್ತು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅದನ್ನು ತೊಳೆಯಲು ಕುಳಿತಾಗ, ಮುಂದಿನ ಚಕ್ರದ ಕ್ಯಾಲಿಪರಿನ (ಪ್ಯಾಡ್‌ಗಳಿಂದ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕಿನ ಭಾಗ) ಕೆಳಗೆ ಒದ್ದೆಯಾಗಿರುವುದು, ಆ ಒದ್ದೆ ತಾಗಿದ ಕಡೆ ಚಕ್ರದ ಕಪ್ಪು ಬಣ್ಣ ಸುಕ್ಕುಗಟ್ಟಿ ಎದ್ದಿರುವುದು ಕಣ್ಣಿಗೆ ಬಿತ್ತು. ಈ ಪತ್ರದ ಉದ್ದೇಶ ಪ್ರವಾಸಕಥನವಲ್ಲ. ಆ ಒದ್ದೆ ಅಲ್ಲಿಗೆ ಹೇಗೆ ಬಂತು, ಮೂರು ತಿಂಗಳು ಯಾರ ಕಣ್ಣಿಗೂ ಬೀಳದೆ ಹೇಗೆ ಉಳಿಯಿತು ಎಂಬುದು ಘಾಟಿ ರಸ್ತೆಗಳನ್ನೇ ನಂಬಿಕೊಂಡಿರುವ ಮಲೆನಾಡಿನ ಬೈಕ್ ಸವಾರರಿಗೆಲ್ಲ ಸಂಬಂಧಿಸಿದ ವಿಷಯವೆಂದು ತೋರಿದ್ದರಿಂದ ಬರೆಯುತ್ತಿದ್ದೇನೆ.

ಮೊದಲಿಗೆ ನಾನು ಅದನ್ನು ಮುಂದಿನ ಶಾಕ್ ಅಬ್ಸಾರ್ಬರಿನೊಳಗಿನ ಫೋರ್ಕ್ ಆಯಿಲ್ ಎಂದುಕೊಂಡೆ. ಬೆರಳಿಗೆ ಜಾರುವ, ಬಣ್ಣವೇ ಇಲ್ಲವೆನ್ನುವಷ್ಟು ತಿಳಿಯಾದ ಆ ದ್ರವದ ಎರಡು ಹನಿಗಳನ್ನು ಬಟ್ಟಲಿನ ನೀರಿಗೆ ಬಿಟ್ಟು ನೋಡಿದಾಗ ಅದು ಎಣ್ಣೆಯಂತೆ ತೇಲದೆ ನೀರಿನೊಳಗೆ ಬೆರೆತುಹೋಯಿತು. ಎಂಜಿನ್ ಆಯಿಲ್ ಆಗಲಿ ಫೋರ್ಕ್ ಆಯಿಲ್ ಆಗಲಿ ಹೀಗೆ ಬೆರೆಯುವುದಿಲ್ಲ; ನಮ್ಮ ಬೈಕುಗಳಲ್ಲಿ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವ ಬೆರೆಯುತ್ತದೆ, ಬಣ್ಣವನ್ನು ತಿನ್ನುವುದೂ ಅದೇ. ಈ ದ್ರವ ತುಂಬಿರುವ, ಹ್ಯಾಂಡಲ್ ಮೇಲಿನ ಡಬ್ಬಿಯ ಗಾಜಿನ ಕಿಂಡಿಯನ್ನು ನೋಡಿದೆ. ಬೈಕು ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತಿದ್ದಾಗ ಸಾಕಷ್ಟಿದೆ ಎಂಬಂತೆ ಕಂಡ ಮಟ್ಟ, ನೆಟ್ಟಗೆ ನಿಲ್ಲಿಸಿ ಹ್ಯಾಂಡಲ್ ನೇರ ಮಾಡಿದೊಡನೆ ಕನಿಷ್ಠದ ಗೆರೆಗಿಂತ ಕೆಳಕ್ಕೆ ಹೋಯಿತು. ಹೊರಡುವ ದಿನ ನಾನು ಅದನ್ನು ನೋಡಿರಲಿಲ್ಲವೆಂದಲ್ಲ. ಸೈಡ್ ಸ್ಟ್ಯಾಂಡಿನಲ್ಲೇ ನೋಡಿದ್ದೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹುಲಿಕಲ್ ಇಳಿಯುವಾಗ ಬ್ರೇಕ್ ಲಿವರ್ ಎಂದಿಗಿಂತ ಹೆಚ್ಚು ಒಳಕ್ಕೆ ಬರುತ್ತಿತ್ತು, ಎರಡು ಸಲ ಹಿಡಿದು ಬಿಟ್ಟರೆ ಮತ್ತೆ ಗಟ್ಟಿಯಾಗುತ್ತಿತ್ತು. ಹಿಂದೆ ಕೂತವರ ಭಾರ, ಇಬ್ಬರ ಬ್ಯಾಗು, ಕಡಿದಾದ ಇಳಿಜಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಾಮಾನ್ಯವಾಗಿ ನಾನು ಬ್ರೇಕ್ ಹಿಡಿದಾಗಲೆಲ್ಲ ಮುಂದಕ್ಕೆ ಜಾರಿ ನನ್ನ ಬೆನ್ನಿಗೆ ತಾಗುವ ಪತ್ನಿ, ಈ ಸಲ ಘಾಟಿಯ ನಡುವೆ, "ಇವತ್ತು ಗಾಡಿ ಮುಗ್ಗರಿಸ್ತಾನೇ ಇಲ್ವಲ್ರೀ, ಮೆತ್ತಗೆ ಓಡಿಸೋದು ಕಲಿತ್ರಿ ಅನ್ಸತ್ತೆ" ಎಂದಿದ್ದರು. ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ. ಮುಂದಿನ ಬ್ರೇಕಿನ ಹಿಡಿತ ಕಡಿಮೆಯಾದದ್ದನ್ನು ಓಡಿಸುವ ನನಗಿಂತ ಮೊದಲು ಗುರುತಿಸಿದ್ದು ಹಿಂದೆ ಕೂತ ಅವರು.

ಆ ಸ್ಥಿತಿಯಲ್ಲಿ ಬೈಕನ್ನು ಗ್ಯಾರೇಜಿನವರೆಗೂ ಓಡಿಸುವುದು ತರವಲ್ಲವೆಂದು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಲ್ಲಿಗೆ ಒಯ್ದೆ. ಅವರು ಕ್ಯಾಲಿಪರ್ ಬಿಚ್ಚಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. ಅದರ ನುಣುಪಾದ ಮೈಮೇಲೆ ತುಕ್ಕು ತಿಂದ ಸಣ್ಣ ಗುಂಡಿಗಳಿದ್ದವು, ಅಂಚಿನಲ್ಲಿ ಕೆಮ್ಮಣ್ಣು ಗಟ್ಟಿಯಾಗಿ ಅಂಟಿತ್ತು. ದೂಳು ತಡೆಯುವ ಹೊರಗಿನ ರಬ್ಬರ್ ಬಳೆ ಒಂದು ಕಡೆ ಹರಿದಿತ್ತು. ದ್ರವ ಸೋರದಂತೆ ತಡೆಯುವ ಒಳಗಿನ ರಬ್ಬರ್ ಸೀಲ್‌ನ ಮೇಲೆ ಉಗುರಿಗೆ ತಾಗುವಂಥ ಗೀರು ಇತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪ್ಯಾಡ್ ಯಾವಾಗ ಹಾಕ್ಸಿದ್ರಿ?"

ಗಣೇಶನ ಹಬ್ಬದ ಹೊತ್ತಿಗೆ, ಮಳೆಗಾಲ ಇನ್ನೂ ಮುಗಿಯದಿದ್ದಾಗ, ಬೇರೊಂದು ಸರ್ವಿಸ್ ಸೆಂಟರಿನಲ್ಲಿ ಹಾಕಿಸಿದ್ದೆ. ಪ್ಯಾಡ್ ಸವೆಯುತ್ತ ಹೋದಂತೆ ಪಿಸ್ಟನ್ ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಬರುತ್ತದೆ, ಮಳೆಗಾಲದ ಕೆಸರು ಆ ಹೊರಬಂದ ಭಾಗದ ಮೇಲೆ ಕೂರುತ್ತದೆ. ದಪ್ಪನೆಯ ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಲೇಬೇಕು. ತಳ್ಳುವ ಮುಂಚೆ ಅದನ್ನು ಒರೆಸಿ ಶುಚಿ ಮಾಡದಿದ್ದರೆ ಆ ಮಣ್ಣಿನ ಕಣಗಳೇ ಸೀಲನ್ನು ಗೀರುತ್ತವೆ. ಐದು ನಿಮಿಷದ ಕೆಲಸವನ್ನು ಉಳಿಸಿದ್ದರಿಂದ ಆದ ಹಾನಿ ಇದು. ಇಷ್ಟಾದರೂ, ಹಬ್ಬದ ಮುನ್ನಾದಿನ ಸಾಲುಗಟ್ಟಿ ನಿಂತ ಬೈಕುಗಳ ನಡುವೆ ಕೆಲಸ ಮಾಡುತ್ತಿದ್ದ ಆ ಹುಡುಗನ ಮೇಲೆ ನನಗೆ ಹೆಚ್ಚು ಸಿಟ್ಟಿಲ್ಲ. ಸಿಟ್ಟಿರುವುದು ಅದರ ನಂತರ ನಡೆದದ್ದರ ಬಗ್ಗೆ.

ಡಿಸೆಂಬರ್ ಮೊದಲ ವಾರದಲ್ಲಿ, ಪ್ರವಾಸಕ್ಕೆ ಮುಂಚಿತವಾಗಿ, ಅದೇ ಸೆಂಟರಿನಲ್ಲಿ ಸರ್ವಿಸ್ ಮಾಡಿಸಿದೆ. ಬಿಲ್ಲಿನಲ್ಲಿ "ಬ್ರೇಕ್ ಆಯಿಲ್ ಟಾಪ್ ಅಪ್" ಎಂಬ ಒಂದು ಸಾಲು ಇತ್ತು. ಕೇಳಿದ್ದಕ್ಕೆ, "ಕಮ್ಮಿ ಆಗಿತ್ತು ಸಾರ್, ಹಾಕಿದೀವಿ" ಎಂಬ ಉತ್ತರ ಬಂತು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆಂದು ನಾನೂ ತೃಪ್ತನಾಗಿ ದುಡ್ಡು ಕೊಟ್ಟು ಬಂದೆ. ಈಗ ಯೋಚಿಸಿದರೆ ಆ ಒಂದು ಸಾಲಿನಲ್ಲಿಯೇ ಇಡೀ ರೋಗದ ಲಕ್ಷಣ ಬರೆದಿತ್ತು. ಬ್ರೇಕ್ ದ್ರವ ಎಂಜಿನ್ ಆಯಿಲಿನಂತೆ ಸುಟ್ಟುಹೋಗುವುದಿಲ್ಲ, ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಡಬ್ಬಿಯಲ್ಲಿ ಅದರ ಮಟ್ಟ ಇಳಿಯಲು ಇರುವುದು ಎರಡೇ ಕಾರಣ. ಒಂದೋ ಪ್ಯಾಡ್ ಸವೆದು ಪಿಸ್ಟನ್ ಹೊರಬಂದು ಅದರ ಹಿಂದಿನ ಖಾಲಿ ಜಾಗಕ್ಕೆ ದ್ರವ ಇಳಿದಿರಬೇಕು, ಇಲ್ಲವೇ ಎಲ್ಲಿಂದಲೋ ಸೋರಿರಬೇಕು. ಮೊದಲನೆಯದು ಸಹಜ ಮತ್ತು ನಿಧಾನ. ಹೊಸ ಪ್ಯಾಡ್ ಹಾಕಿ ಪಿಸ್ಟನ್ನನ್ನು ಒಳಕ್ಕೆ ತಳ್ಳಿದಾಗ ಆ ದ್ರವ ಮತ್ತೆ ಮೇಲೇರಿ ಡಬ್ಬಿಗೆ ಬಂದು ಸೇರುತ್ತದೆ. ಹಾಗಿದ್ದ ಮೇಲೆ, ಮೂರು ತಿಂಗಳ ಹಿಂದಷ್ಟೇ ಪ್ಯಾಡ್ ಬದಲಾಯಿಸಿದ, ಅದು ಅರ್ಧವೂ ಸವೆಯದ ಬೈಕಿನಲ್ಲಿ ದ್ರವ ಕಡಿಮೆಯಾಗಿದೆಯೆಂದರೆ ಅದು ಹೋದದ್ದೆಲ್ಲಿಗೆ? ಪ್ಯಾಡ್ ಬದಲಾಯಿಸಿದ್ದು ಅವರೇ, ದ್ರವ ತುಂಬಿಸಿದ್ದೂ ಅವರೇ, ಎರಡೂ ಅವರದೇ ಕಂಪ್ಯೂಟರಿನಲ್ಲಿ ನಮೂದಾಗಿವೆ. ಎರಡನ್ನೂ ಒಟ್ಟಿಗೆ ಓದುವವರು ಮಾತ್ರ ಯಾರೂ ಇರಲಿಲ್ಲ. ಮಟ್ಟ ಇಳಿದದ್ದು ಬೈಕು ಕೊಟ್ಟ ಎಚ್ಚರಿಕೆಯಾಗಿತ್ತು. ಅದನ್ನು ತುಂಬಿಸಿ ಸರಿಮಾಡಿದ್ದರಿಂದ ಎಚ್ಚರಿಕೆ ಅಳಿಸಿಹೋಯಿತು, ಸೋರಿಕೆ ಹಾಗೆಯೇ ಉಳಿಯಿತು, ನಾವು ಘಾಟಿಗೆ ಹೊರಟೆವು.

ಅದಕ್ಕೆ "ಬ್ರೇಕ್ ಆಯಿಲ್" ಎಂಬ ಹೆಸರು ಬಿದ್ದದ್ದೂ ಅರ್ಧ ಕೆಡುಕಿಗೆ ಕಾರಣವೆಂದು ನನಗನ್ನಿಸುತ್ತದೆ. ಅದು ಎಣ್ಣೆಯೇ ಅಲ್ಲ. ಎಣ್ಣೆಯೆಂದು ತಿಳಿದು ತುರ್ತಿಗೆ ಎಂಜಿನ್ ಆಯಿಲ್ ಸುರಿದವರನ್ನೂ, ಬ್ರೇಕಿನ ಭಾಗಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದವರನ್ನೂ ನಾನು ಕಂಡಿದ್ದೇನೆ. ಅಂಥ ಎಣ್ಣೆ ತಾಗಿದರೆ ಈ ಸೀಲ್‌ಗಳ ರಬ್ಬರ್ ಊದಿಕೊಂಡು ಕೆಡುತ್ತದೆ. ಇನ್ನೊಂದು ಗುಣವಂತೂ ನಮ್ಮ ಹವೆಗೆ ಹೇಳಿ ಮಾಡಿಸಿದ್ದಲ್ಲ. ಈ ದ್ರವ ಗಾಳಿಯ ತೇವವನ್ನು ತಾನಾಗಿ ಹೀರಿಕೊಳ್ಳುತ್ತದೆ. ನಿಗದಿಪಡಿಸಿದ ಮಾನದಂಡದ ಪ್ರಕಾರ ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ರಲ್ಲಿ ಇವೇ ಅಂಕಿಗಳು 205 ಮತ್ತು 140. ಘಾಟಿಯ ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದೇ ಇಳಿದರೆ ಡಿಸ್ಕಿನ ಕಾವು ಕ್ಯಾಲಿಪರಿಗೆ ಏರಿ ಹಳೆಯ ದ್ರವ ಕುದಿಯಬಹುದು, ಕುದಿದಾಗ ಹುಟ್ಟುವ ಆವಿ ದ್ರವದಂತಲ್ಲದೆ ಕುಗ್ಗುತ್ತದೆ, ಲಿವರ್ ಹ್ಯಾಂಡಲಿಗೆ ತಾಗುವವರೆಗೂ ಬಂದರೂ ಬ್ರೇಕ್ ಹಿಡಿಯುವುದಿಲ್ಲ. ಹೆಚ್ಚಿನ ಬೈಕುಗಳ ಕೈಪಿಡಿಗಳು ಎರಡು ವರ್ಷಕ್ಕೊಮ್ಮೆ ಇದನ್ನು ಪೂರ್ತಿ ಬದಲಾಯಿಸಬೇಕೆಂದು ಹೇಳುತ್ತವೆ. ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ, ಅಟ್ಟದ ಮೇಲಿನ ಅಕ್ಕಿಯೂ ಮುಗ್ಗುವ ಊರುಗಳಲ್ಲಿ, ಮುಚ್ಚಳ ಸಡಿಲವಾಗಿ ಗ್ಯಾರೇಜಿನ ಕಪಾಟಿನಲ್ಲಿ ವರ್ಷಗಟ್ಟಲೆ ನಿಂತ ಅರ್ಧ ಬಾಟಲಿ ಬ್ರೇಕ್ ದ್ರವವನ್ನು ಯಾರ ಬೈಕಿಗೂ ಹಾಕಿಸಿಕೊಳ್ಳಬಾರದು.

ಎಬಿಎಸ್ ಇದೆಯಲ್ಲ ಎಂದು ನನ್ನ ಅಳಿಯ ವಾದಿಸಿದ. 125 ಸಿ.ಸಿ.ಗಿಂತ ಹೆಚ್ಚಿನ ಬೈಕುಗಳಿಗೆ, ಹೊಸ ಮಾದರಿಗಳಲ್ಲಿ 2018ರ ಏಪ್ರಿಲ್‌ನಿಂದ, ಉಳಿದವುಗಳಲ್ಲಿ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿರುವುದು ಒಳ್ಳೆಯದೇ. ಆದರೆ ಅದು ಚಕ್ರ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. ಇರುವ ಒತ್ತಡವನ್ನು ಹದಗೊಳಿಸಬಲ್ಲುದೇ ಹೊರತು, ಸೋರಿಹೋದ ದ್ರವದ ಜಾಗದಲ್ಲಿ ಒತ್ತಡವನ್ನು ಹುಟ್ಟಿಸಲಾರದು. ನನ್ನ ಬೈಕಿನಲ್ಲಿ ಆ ನಾಲ್ಕೂ ದಿನ ಎಬಿಎಸ್ ದೀಪ ಒಮ್ಮೆಯೂ ಎಚ್ಚರಿಸಲಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಸಾರಿಗೆ ಇಲಾಖೆಗೂ ಇಲ್ಲಿ ಒಂದು ಮಾತು ಹೇಳಬೇಕು. ನಾವು ವರ್ಷ ವರ್ಷ ಹೊಗೆ ತಪಾಸಣೆ ಮಾಡಿಸಿ ಪ್ರಮಾಣಪತ್ರ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ದಂಡ ಕಟ್ಟುತ್ತೇವೆ. ಸ್ವಂತ ಬಳಕೆಯ ದ್ವಿಚಕ್ರ ವಾಹನದ ಬ್ರೇಕನ್ನು ಮಾತ್ರ, 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಹೋಗುವವರೆಗೆ, ಯಾವ ಅಧಿಕಾರಿಯೂ ಮುಟ್ಟಿ ನೋಡುವುದಿಲ್ಲ. ಇನ್ನೊಂದು ಕಡ್ಡಾಯ ಪ್ರಮಾಣಪತ್ರ, ಅದಕ್ಕೊಂದು ಶುಲ್ಕ, ಅದಕ್ಕೊಬ್ಬ ಏಜೆಂಟ್ ಹುಟ್ಟಿಕೊಳ್ಳಲಿ ಎಂದು ನಾನು ಖಂಡಿತ ಬಯಸುವುದಿಲ್ಲ. ಜನವರಿಯಲ್ಲಿ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಹೆಲ್ಮೆಟ್ ಜಾಥಾಗಳು ನಡೆಯುವಾಗ, ಆಗುಂಬೆಯಲ್ಲೋ ಮಾಸ್ತಿಕಟ್ಟೆಯಲ್ಲೋ ಒಂದು ದಿನ ಒಬ್ಬ ಮೆಕ್ಯಾನಿಕ್‌ನನ್ನು ನಿಲ್ಲಿಸಿ, ಘಾಟಿ ಇಳಿಯಲಿರುವ ಬೈಕುಗಳ ಕ್ಯಾಲಿಪರ್ ಮತ್ತು ಡಬ್ಬಿಯ ಮಟ್ಟವನ್ನು ಪುಕ್ಕಟೆಯಾಗಿ ನೋಡಿಸುವುದು ಇಲಾಖೆಗೆ ಹೊರೆಯಾಗಲಾರದು. ಹುಲಿಕಲ್ಲಿನ ಚಂಡಿಕಾಂಬಾ ದೇವಸ್ಥಾನದ ಮುಂದೆ ಹೇಗೂ ವಾಹನಗಳು ನಿಂತು ಕೈಮುಗಿದೇ ಮುಂದೆ ಹೋಗುತ್ತವೆ. ಬೈಕನ್ನು ನೆಟ್ಟಗೆ ನಿಲ್ಲಿಸಿ ಗಾಜಿನ ಕಿಂಡಿ ನೋಡಿ, ಲಿವರ್ ಹಿಡಿದು ಹತ್ತು ಎಣಿಸಿ, ಅದು ಮೆಲ್ಲಗೆ ಕುಸಿದರೆ ಇಳಿಯಬೇಡಿ ಎಂಬ ಎರಡು ಸಾಲಿನ ಫಲಕವೊಂದು ಅಲ್ಲಿದ್ದರೆ ಕೈಮುಗಿಯುವಷ್ಟೇ ಹೊತ್ತಿನಲ್ಲಿ ಓದಿ ಮುಗಿಸಬಹುದು.

ನನ್ನ ಬೈಕಿಗೆ ಹೊಸ ಪಿಸ್ಟನ್, ಹೊಸ ಸೀಲ್‌ಗಳು ಬಿದ್ದವು. ಹಳೆಯ ದ್ರವವನ್ನು ಪೂರ್ತಿ ತೆಗೆದು ಹೊಸದನ್ನು ತುಂಬಿ ಗಾಳಿ ತೆಗೆದದ್ದಾಯಿತು. ನೋಡಲು ಇನ್ನೂ ಹೊಸದರಂತಿದ್ದ ಪ್ಯಾಡ್‌ಗಳನ್ನು ಎಸೆಯುವಾಗ ನನ್ನ ಮುಖ ಚಿಕ್ಕದಾದದ್ದನ್ನು ಕಂಡ ಮೆಕ್ಯಾನಿಕ್, ದ್ರವ ಹೀರಿದ ಪ್ಯಾಡನ್ನು ಎಷ್ಟು ಉಜ್ಜಿದರೂ ಕಾದಾಗ ಅದು ಮತ್ತೆ ಜಿನುಗುತ್ತದೆಂದು ವಿವರಿಸಿದರು. ಮೂರು ತಿಂಗಳ ಅಂತರದಲ್ಲಿ ಎರಡು ಜೊತೆ ಪ್ಯಾಡಿಗೆ ದುಡ್ಡು ಕೊಟ್ಟಂತಾಯಿತು.

ಹಳೆಯ ಪಿಸ್ಟನ್ನನ್ನು ಕಾಗದದಲ್ಲಿ ಸುತ್ತಿಕೊಂಡು ಆ ಸರ್ವಿಸ್ ಸೆಂಟರಿಗೂ ಹೋಗಿಬಂದೆ. ಜಗಳಕ್ಕಲ್ಲ, ಬಿಲ್ಲಿನಲ್ಲಿ "ಟಾಪ್ ಅಪ್" ಎಂಬುದರ ಪಕ್ಕ "ಕಡಿಮೆಯಾದದ್ದೇಕೆ" ಎಂದು ಬರೆಯಲು ಒಂದು ಕಾಲಂ ಸೇರಿಸಿರೆಂದು ಕೇಳುವುದಕ್ಕೆ. ಬಿಲ್ಲಿನ ನಮೂನೆ ಮೇಲಿನಿಂದಲೇ ಬರುತ್ತದೆ, ಅದನ್ನು ತಿದ್ದುವುದು ತಮ್ಮ ಕೈಯಲ್ಲಿಲ್ಲವೆಂದು ಮ್ಯಾನೇಜರ್ ಸೌಜನ್ಯದಿಂದಲೇ ಹೇಳಿದರು. ಅಲ್ಲೇ ನಿಂತು ಪಿಸ್ಟನ್ನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಹುಡುಗ ಮಾತ್ರ, ಆ ಹೊತ್ತಿಗೆ ತಾನು ಸರ್ವಿಸ್ ಮಾಡುತ್ತಿದ್ದ ಬೈಕಿನ ಜಾಬ್ ಕಾರ್ಡಿನ ಅಂಚಿನಲ್ಲಿ ಪೆನ್ನಿನಿಂದ "ಮುಂದಿನ ಬ್ರೇಕ್ ಆಯಿಲ್ ಕಡಿಮೆ, ಪ್ಯಾಡ್ ನೋಡಬೇಕು" ಎಂದು ಬರೆದು, ಟಾರ್ಚ್ ಹಿಡಿದು ಆ ಬೈಕಿನ ಚಕ್ರದ ಬಳಿ ಕುಳಿತ.

ಇತಿ,
ತಮ್ಮ ಪತ್ರಿಕೆಯ ಓದುಗ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ